ಕೆಳಗಿನ ನ್ಯಾಯಾಲಯವೇ ತಳಪಾಯ

ಕೊಣನೂರು ಹೋಬಳಿಯ ರೈತನೊಬ್ಬ ಜಮೀನಿನ ಗಡಿಗಾಗಿ ದಾವೆ ಹೂಡಿದರೆ ಮೆಟ್ಟಿಲು ಹತ್ತುವುದು ಅರಕಲಗೂಡಿನ ನ್ಯಾಯಾಲಯವನ್ನು. ಹೆಚ್ಚೆಂದರೆ ಹಾಸನದ ಜಿಲ್ಲಾ ನ್ಯಾಯಾಲಯವನ್ನು. ದೆಹಲಿಯ ಸುಪ್ರೀಂ ಕೋರ್ಟು ಅವನ ಪಾಲಿಗೆ ಪತ್ರಿಕೆಯ ಸುದ್ದಿ ಮಾತ್ರ. ಸಾಕ್ಷಿಯ ಮುಖ ನೋಡಿ, ಮಾತು ಕೇಳಿ, ದಾಖಲೆಗಳನ್ನು ಒರೆಗೆ ಹಚ್ಚುವವರು ವಿಚಾರಣಾ ನ್ಯಾಯಾಧೀಶರು. ಆದರೂ ನಮ್ಮ ಸಂವಿಧಾನ ಈ ನ್ಯಾಯಾಲಯಗಳನ್ನು 'ಅಧೀನ' ಎಂದೇ ಕರೆಯುತ್ತದೆ. ಈ ವಿಶೇಷಣ ಎಷ್ಟು ಸಮಂಜಸವೆಂದು ಯೋಚಿಸುವಂತೆ ಮಾಡುವುದು ಜಾನ್ ಮೈಕಲ್ ಕುನ್ಹಾ ಅವರ ವೃತ್ತಿಜೀವನ.

ಮಂಗಳೂರಿನವರಾದ ಕುನ್ಹಾ, ವಕೀಲಿ ವೃತ್ತಿಯಿಂದ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಬಂದವರು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟು 2003ರಲ್ಲಿ ಚೆನ್ನೈಯಿಂದ ಬೆಂಗಳೂರಿಗೆ ವರ್ಗಾಯಿಸಿತ್ತು. ಹಲವು ನ್ಯಾಯಾಧೀಶರು ಬದಲಾದ ಮೇಲೆ, 2013ರಲ್ಲಿ ಅದು ಕುನ್ಹಾ ಅವರ ಮುಂದೆ ಬಂತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ಅವರು ತೀರ್ಪಿತ್ತರು: ಮುಖ್ಯಮಂತ್ರಿಗೆ ನಾಲ್ಕು ವರ್ಷ ಸೆರೆವಾಸ, 100 ಕೋಟಿ ರೂಪಾಯಿ ದಂಡ. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯೊಬ್ಬರು ಶಿಕ್ಷೆಗೊಳಗಾಗಿ ಪದವಿ ಕಳೆದುಕೊಂಡದ್ದು ಅದೇ ಮೊದಲು.

2015ರ ಮೇ ತಿಂಗಳಲ್ಲಿ ಹೈಕೋರ್ಟು ಎಲ್ಲರನ್ನೂ ಖುಲಾಸೆ ಮಾಡಿತು. ಆದಾಯ ಮೀರಿದ ಆಸ್ತಿ ಶೇ 8.12 ಮಾತ್ರ, ಶೇ 10ರೊಳಗಿನದು ಕ್ಷಮ್ಯ ಎಂಬುದು ಅದರ ತರ್ಕ. ಆದರೆ ಸಾಲಗಳ ಪಟ್ಟಿಯ ಮೊತ್ತ ಸುಮಾರು 10.67 ಕೋಟಿ ಆಗಬೇಕಿದ್ದಲ್ಲಿ 24.17 ಕೋಟಿ ಎಂದು ನಮೂದಾಗಿತ್ತು. ಕೂಡುವ ಲೆಕ್ಕ ತಪ್ಪಿದ್ದರಿಂದ ಆದಾಯ 13.50 ಕೋಟಿಯಷ್ಟು ಉಬ್ಬಿತ್ತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಈ ದೋಷವನ್ನು ಗುರುತಿಸಿ, ಕುನ್ಹಾ ಅವರ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಉಳಿದ ಮೂವರು ಸೆರೆಮನೆಗೆ ಹೋದರು. ಕುನ್ಹಾ 2016ರಲ್ಲಿ ಹೈಕೋರ್ಟು ನ್ಯಾಯಮೂರ್ತಿಯಾಗಿ, 2021ರಲ್ಲಿ ನಿವೃತ್ತರಾದರು.

ಇದನ್ನು ಒಬ್ಬ ವ್ಯಕ್ತಿಯ ಧೈರ್ಯದ ಕಥೆಯೆಂದು ಓದಿ ಮರೆಯುವುದು ಸುಲಭ. ಆದರೆ ಆ ತೀರ್ಪು ಉಳಿದದ್ದು ಧೈರ್ಯದಿಂದಷ್ಟೇ ಅಲ್ಲ, ಪ್ರತಿ ಬಾಬ್ತನ್ನೂ ಬಿಡಿಬಿಡಿಯಾಗಿ ಪರಿಶೀಲಿಸಿದ ತಾಳ್ಮೆಯಿಂದ. ಅಂಥ ತಾಳ್ಮೆಗೆ ನಮ್ಮ ವ್ಯವಸ್ಥೆ ಬೆಲೆ ಕೊಡುತ್ತದೆಯೇ? ವಿಚಾರಣಾ ನ್ಯಾಯಾಧೀಶರ ಕಾರ್ಯದಕ್ಷತೆಯನ್ನು ಅಳೆಯುವಾಗ, ಎಷ್ಟು ಪ್ರಕರಣ ಇತ್ಯರ್ಥವಾದವೆಂಬ ಸಂಖ್ಯೆಗೇ ಹೆಚ್ಚಿನ ತೂಕ. ಜಟಿಲವಾದ ಒಂದು ಪ್ರಕರಣಕ್ಕೆ ತಿಂಗಳುಗಟ್ಟಲೆ ವ್ಯಯಿಸುವವರು ಆ ಲೆಕ್ಕದಲ್ಲಿ ಹಿಂದೆ ಬೀಳುವುದು ಸಹಜ.

ಕೆಳಹಂತಕ್ಕೆ ನುರಿತ ಸಿಬ್ಬಂದಿ, ಸಾಕಷ್ಟು ಕಾಲಾವಕಾಶ, ನಿರ್ಭೀತ ವಾತಾವರಣ ದೊರೆಯಬೇಕು. ತಳಪಾಯ ಗಟ್ಟಿಯಿಲ್ಲದೆ ಮೇಲಂತಸ್ತುಗಳನ್ನು ಎಷ್ಟು ಅಲಂಕರಿಸಿದರೂ ಮನೆ ನಿಲ್ಲದು.