ತೊಡೆಯ ಮೇಲೆ ಬೀಳುವ ತಾಳ

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕೇಳುಗರ ಬಲಗೈಗೂ ಕೆಲಸವಿದೆ. ಅಂಗೈಯಿಂದ ತೊಡೆಗೆ ಒಂದು ಪೆಟ್ಟು, ಕಿರುಬೆರಳಿನಿಂದ ಶುರುವಾಗಿ ಮೂರು ಬೆರಳುಗಳ ಎಣಿಕೆ. ಆಮೇಲೆ ಪೆಟ್ಟು, ಕೈ ಮಗುಚಿ ಹುಸಿ. ಮತ್ತೊಮ್ಮೆ ಪೆಟ್ಟು, ಹುಸಿ. ಎಂಟಕ್ಷರ ಮುಗಿದು ಆದಿತಾಳದ ಒಂದು ಆವರ್ತವಾಯಿತು.

ಪೆಟ್ಟಿನ ಜತೆ ಬೆರಳೆಣಿಕೆ ಸೇರಿದರೆ ಲಘು. ಪೆಟ್ಟು ಮತ್ತು ಹುಸಿಯ ಜೋಡಿ ದ್ರುತ. ಒಂಟಿ ಪೆಟ್ಟು ಅನುದ್ರುತ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳೂ ಈ ಮೂರೇ ಅಂಗಗಳಿಂದ ಆಗಿವೆ. ದ್ರುತಕ್ಕೆ ಎಂದೂ ಎರಡಕ್ಷರ, ಅನುದ್ರುತಕ್ಕೆ ಒಂದೇ. ಜಾತಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದು ಲಘು ಮಾತ್ರ: ತಿಸ್ರದಲ್ಲಿ 3, ಚತುರಶ್ರದಲ್ಲಿ 4, ಖಂಡದಲ್ಲಿ 5, ಮಿಶ್ರದಲ್ಲಿ 7, ಸಂಕೀರ್ಣದಲ್ಲಿ 9. ಹೀಗೆ 35 ತಾಳಗಳು. ತಿಸ್ರಜಾತಿ ಏಕ ಮೂರೇ ಅಕ್ಷರಕ್ಕೆ ಮುಗಿದರೆ, ಸಂಕೀರ್ಣಜಾತಿ ಧ್ರುವ 29 ಅಕ್ಷರಗಳವರೆಗೆ ಸಾಗುತ್ತದೆ.

ಈ ಏಳು ತಾಳಗಳಿಗೆ ಸುಳಾದಿ ತಾಳಗಳೆಂಬ ಹೆಸರು ಬಂದದ್ದು ನಮ್ಮ ಹರಿದಾಸರು ಬೆಳೆಸಿದ ರಚನೆಯಿಂದ. ಸುಳಾದಿಯಲ್ಲಿ ಒಂದೊಂದು ನುಡಿಗೂ ಒಂದೊಂದು ತಾಳ, ಕೊನೆಗೆ ‘ಜತೆ’ ಎಂಬ ಎರಡು ಸಾಲು. ಪುರಂದರದಾಸರು, ವಿಜಯದಾಸರು ಸುಳಾದಿಗಳನ್ನು ಬರೆದರು. ಇಂದು ಕಛೇರಿ ವೇದಿಕೆಯಲ್ಲಿ ಅವು ಅಪರೂಪ. ಇದು ನಿಜಕ್ಕೂ ನಷ್ಟವೇ. ಪಾಠದಲ್ಲಿ ಮಾತ್ರ ಏಳೂ ತಾಳಗಳು ಅಲಂಕಾರಗಳೆಂಬ ಸ್ವರಾಭ್ಯಾಸದ ರೂಪದಲ್ಲಿ ಉಳಿದಿವೆ.

ಬಳಕೆಯಲ್ಲಿ ಆದಿತಾಳವೇ ದೊಡ್ಡಣ್ಣ. ಖಂಡಜಾತಿ ಅಟ್ಟತಾಳದ ಗಾಂಭೀರ್ಯ ತಿಳಿಯಬೇಕಾದರೆ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಭೈರವಿ ವರ್ಣ ‘ವಿರಿಬೋಣಿ’ಯನ್ನು ಕೇಳಬೇಕು. ಐದೈದರ ಎರಡು ಲಘು, ಎರಡು ದ್ರುತ, ಒಟ್ಟು 14 ಅಕ್ಷರ. ಆತುರಕ್ಕೆ ಅಲ್ಲಿ ಎಡೆಯೇ ಇಲ್ಲ.

ಚಾಪು ತಾಳಗಳದು ಬೇರೆ ದಾರಿ. ಅವಕ್ಕೆ ಬೆರಳೆಣಿಕೆ ಬೇಡ. ‘ತಕಿಟ ತಕಧಿಮಿ’ ಎಂದು 3 ಮತ್ತು 4 ಸೇರಿದರೆ ಮಿಶ್ರಚಾಪು. ಇದು ಶ್ಯಾಮಾಶಾಸ್ತ್ರಿಗಳ ಮೆಚ್ಚಿನ ತಾಳ. ಅದನ್ನೇ ತಿರುವಿ 4 ಮೊದಲು, 3 ಆಮೇಲೆ ಬರುವಂತೆಯೂ ಅವರು ಹಾಡು ಕಟ್ಟಿದರು.

ಹಾಡು ಪೆಟ್ಟಿನ ಜತೆಗೇ ಎತ್ತಬೇಕೆಂದೇನಿಲ್ಲ. ಪೆಟ್ಟು ಬಿದ್ದು ಕೊಂಚ ಹೊತ್ತಿಗೆ ಸಾಹಿತ್ಯ ಶುರುವಾದರೆ ಅದು ಅನಾಗತ ಗ್ರಹ. ತ್ಯಾಗರಾಜರ ಎಷ್ಟೋ ಕೃತಿಗಳು ಹಾಗೆಯೇ ಎತ್ತುತ್ತವೆ. ಹೊಸ ಕೇಳುಗರು ತಪ್ಪುವುದು ಇಲ್ಲಿಯೇ.

ಮುಂದಿನ ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾದಾಗ ದಯವಿಟ್ಟು ಎದ್ದು ಹೋಗಬೇಡಿ. ಗಾಯಕರ ಕೈ ನೋಡುತ್ತ ತಾಳ ಹಾಕಿ. ಮೃದಂಗದವರು ಮೂರು ಸಲ ಒಂದೇ ಜತಿ ನುಡಿಸಿ ತೀರ್ಮಾನ ಮುಗಿಸಿ ಹಾಡಿನ ಎತ್ತುಗಡೆಗೆ ಬಂದು ನಿಲ್ಲುವುದನ್ನು ನೀವೇ ಲೆಕ್ಕ ಹಾಕಿ ಹಿಡಿಯಿರಿ.