ಮನಸ್ಸಿನ ಹೂಳು: ದೀರ್ಘಕಾಲದ ಮಂದ ಖಿನ್ನತೆಯನ್ನು ಅರಿಯೋಣ

ಮಠಕ್ಕೆ ಬರುವ ಭಕ್ತರು ತಮ್ಮ ಸುಖದುಃಖಗಳನ್ನು ಹೇಳಿಕೊಳ್ಳುವಾಗ ಕೆಲವು ಮಾತುಗಳು ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತವೆ. “ಜೀವಕ್ಕ ಬ್ಯಾಸರ ಆಗೈತ್ರಿ”, “ಎದಿ ಭಾರ ಅನಸ್ತೈತ್ರಿ”, “ಯಾವುದರಾಗೂ ಮನಸ್ಸು ಇಲ್ರಿ”. ಎಷ್ಟು ದಿನಗಳಿಂದ ಎಂದು ಕೇಳಿದರೆ ಉತ್ತರ ದಿನಗಳಲ್ಲಿ ಬರುವುದಿಲ್ಲ, ವರ್ಷಗಳಲ್ಲಿ ಬರುತ್ತದೆ. ಜೊತೆಗೆ ಬಂದ ಮನೆಯವರು “ಸ್ವಭಾವನ ಹಂಗ ಐತಿ ಬಿಡ್ರಿ” ಎಂದು ಮಾತು ಮುಗಿಸುತ್ತಾರೆ. ಸ್ವಭಾವವೆಂದು ನಾವು ಕೈಬಿಟ್ಟ ಈ ಬೇಸರವು ಅನೇಕರಲ್ಲಿ ಒಂದು ಕಾಯಿಲೆ, ಮತ್ತು ಅದಕ್ಕೆ ಚಿಕಿತ್ಸೆ ಇದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಎರಡು ಬಗೆಯ ಖಿನ್ನತೆ

ಖಿನ್ನತೆ ಎಂದೊಡನೆ ಊಟ ನಿದ್ರೆ ಬಿಟ್ಟು, ಮಾತು ಬಿಟ್ಟು, ಮೂಲೆ ಹಿಡಿದು ಕುಳಿತವರ ಚಿತ್ರ ಕಣ್ಣ ಮುಂದೆ ಬರುತ್ತದೆ. ಅದು ತೀವ್ರ ಖಿನ್ನತೆ. ಕುಗ್ಗಿದ ಮನಸ್ಸು ಅಥವಾ ಆಸಕ್ತಿಯ ನಾಶ, ಅದರೊಂದಿಗೆ ನಿದ್ರೆ, ಹಸಿವು, ಶಕ್ತಿ, ಏಕಾಗ್ರತೆಗಳ ಏರುಪೇರು, ತಾನು ನಿಷ್ಪ್ರಯೋಜಕನೆಂಬ ಭಾವ, ಸಾವಿನ ಯೋಚನೆ ಮೊದಲಾದ ಲಕ್ಷಣಗಳು ಕನಿಷ್ಠ 2 ವಾರಗಳ ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಇದ್ದರೆ ವೈದ್ಯರು ಅದನ್ನು ಗುರುತಿಸುತ್ತಾರೆ.

ಇನ್ನೊಂದು ಬಗೆ ಸದ್ದಿಲ್ಲದ್ದು. ಇದನ್ನು ವೈದ್ಯಶಾಸ್ತ್ರವು ಡಿಸ್ತೈಮಿಯಾ ಎಂದು ಕರೆಯಿತು. ಇಂದು ದೀರ್ಘಕಾಲಿಕ ಖಿನ್ನತೆ ಎಂಬ ಹೆಸರೂ ಬಳಕೆಯಲ್ಲಿದೆ. ಹಿರಿಯರಲ್ಲಿ ಕನಿಷ್ಠ 2 ವರ್ಷ, ಮಕ್ಕಳು ಮತ್ತು ಹದಿಹರೆಯದವರಲ್ಲಿ 1 ವರ್ಷ, ದಿನದ ಬಹುಭಾಗ ಮನಸ್ಸು ಮಂಕಾಗಿಯೇ ಇರುತ್ತದೆ. ಇಂಥವರು ಹೊಲಕ್ಕೆ ಹೋಗುತ್ತಾರೆ, ಅಂಗಡಿ ತೆರೆಯುತ್ತಾರೆ, ರೊಟ್ಟಿ ಬಡಿಯುತ್ತಾರೆ, ಜಾತ್ರೆಯ ದಾಸೋಹದಲ್ಲಿ ನಿಂತು ಬಡಿಸುತ್ತಾರೆ. ಆದರೆ ಯಾವುದರಲ್ಲಿಯೂ ರುಚಿಯಿಲ್ಲ. ದಣಿವು ತೀರುವುದಿಲ್ಲ, ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲ, ನಾಳೆಯ ಬಗ್ಗೆ ಭರವಸೆಯಿಲ್ಲ. ಕೆಲಸ ನಡೆಯುತ್ತಿರುವುದರಿಂದ ಇದು ರೋಗವೆಂದು ಯಾರಿಗೂ ತೋರುವುದಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಆರಂಭವಾದರೆ, ತಾನು ಹುಟ್ಟಿದ್ದೇ ಹೀಗೆ ಎಂದು ಆ ವ್ಯಕ್ತಿಯೂ ನಂಬಿಬಿಡುತ್ತಾನೆ.

ಈ ಎರಡೂ ಒಬ್ಬರಲ್ಲಿಯೇ ಕೂಡಿ ಬರುವುದುಂಟು. ವರ್ಷಗಳ ಮಂದ ಖಿನ್ನತೆಯ ಮೇಲೆ ನಡುನಡುವೆ ತೀವ್ರ ಖಿನ್ನತೆ ಬಂದೆರಗುತ್ತದೆ. 1982ರಲ್ಲಿ ಅಮೆರಿಕದ ಮನೋವೈದ್ಯರಾದ ಮಾರ್ಟಿನ್ ಕೆಲ್ಲರ್ ಮತ್ತು ರಾಬರ್ಟ್ ಶಪಿರೋ ಇದನ್ನು ವಿವರಿಸಿ ‘ಇಮ್ಮಡಿ ಖಿನ್ನತೆ’ ಎಂಬ ಅರ್ಥದ ಹೆಸರನ್ನು ಕೊಟ್ಟರು.

ಕೆರೆಯ ಹೂಳಿನ ಪಾಠ

ಇದನ್ನು ಅರಿಯಲು ನಮ್ಮ ಜಿಲ್ಲೆಯ ಜನರಿಗೆ ದೂರದ ದೃಷ್ಟಾಂತ ಬೇಕಿಲ್ಲ. ಹೂಳು ತುಂಬಿದ ಕೆರೆ ಒಂದು ಮಳೆಗೇ ತುಂಬಿದಂತೆ ಕಾಣುತ್ತದೆ. ಆದರೆ ಆಳವಿಲ್ಲದ ಕಾರಣ ಬಹುಬೇಗ ಬತ್ತಿಹೋಗುತ್ತದೆ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ನೇತೃತ್ವದಲ್ಲಿ ಹಿರೇಹಳ್ಳದ ಹೂಳು ಮತ್ತು ಜಾಲಿಗಿಡಗಳನ್ನು ತೆಗೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನೂ ಜನರು ಮುಂದೆ ನಿಂತು ಎತ್ತಿದರು. ಮಳೆಗೆ ಕಾಯುವುದಷ್ಟೇ ಸಾಲದು, ನೀರು ನಿಲ್ಲುವ ಜಾಗವನ್ನು ಸಿದ್ಧಪಡಿಸಬೇಕು ಎಂಬುದು ಅಲ್ಲಿಯ ಪಾಠ.

ಮಂದ ಖಿನ್ನತೆ ಮನಸ್ಸಿನ ಹೂಳು. ತೀವ್ರ ಖಿನ್ನತೆ ಬರಗಾಲ. ಬರ ಬಂದಾಗ ಮನೆಯವರು ಎಚ್ಚೆತ್ತು ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಕೆಲವು ವಾರಗಳ ಚಿಕಿತ್ಸೆಯಿಂದ ರೋಗಿ ಎದ್ದು ಕೂಡುತ್ತಾನೆ, ಉಣ್ಣುತ್ತಾನೆ, ಕೆಲಸಕ್ಕೆ ಹೊರಡುತ್ತಾನೆ. “ಮೊದಲಿನಂತಾದ” ಎಂದು ಸಂತೋಷಪಟ್ಟು ಮಾತ್ರೆ ನಿಲ್ಲಿಸುತ್ತಾರೆ. ತಪ್ಪುವುದು ಇಲ್ಲಿಯೇ. ‘ಮೊದಲಿನಂತೆ’ ಎಂದರೆ ಹಳೆಯ ಮಂದ ಖಿನ್ನತೆಗೆ ಮರಳಿದಂತೆ, ಗುಣವಾದಂತಲ್ಲ. ಹೂಳು ಹಾಗೆಯೇ ಉಳಿದವರಲ್ಲಿ ತೀವ್ರ ಖಿನ್ನತೆ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ವೈದ್ಯರಿಗೆ ಈಚಿನ ತಿಂಗಳ ಕಷ್ಟವನ್ನಷ್ಟೇ ಅಲ್ಲ, ಅದಕ್ಕೂ ಹಿಂದಿನ ವರ್ಷಗಳ ಬೇಸರವನ್ನೂ ತಪ್ಪದೆ ಹೇಳಬೇಕು.

ಚಿಕಿತ್ಸೆ ಹೇಗೆ?

ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆಗಳೂ ದಣಿವು ಮತ್ತು ಮಂಕುತನವನ್ನು ತರುತ್ತವೆಯಾದ್ದರಿಂದ ಮೊದಲು ರಕ್ತಪರೀಕ್ಷೆ ಮಾಡಿಸುವುದು ಒಳಿತು. ಮದ್ಯಪಾನವೂ ಖಿನ್ನತೆಯನ್ನು ಬೆಳೆಸುತ್ತದೆ. ಹಿಂದೆ ಎಂದಾದರೂ ಅತಿಯಾದ ಉತ್ಸಾಹ, ನಿದ್ರೆ ಬೇಡವೆನಿಸುವ ಸ್ಥಿತಿ ಬಂದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಆಗ ಔಷಧಿಯೇ ಬೇರೆಯಾಗುತ್ತದೆ.

ಖಿನ್ನತೆ ನಿವಾರಕ ಮಾತ್ರೆಗಳು ನುಂಗಿದ ದಿನವೇ ಫಲ ಕೊಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 6 ವಾರಗಳು ಬೇಕು. ಮೊದಲ ವಾರದಲ್ಲಿ ವಾಕರಿಕೆ, ತಲೆನೋವು ಕಂಡು ಅನೇಕರು ಬಿಟ್ಟುಬಿಡುತ್ತಾರೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಆದರೆ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಗುಣವಾದ ಮೇಲೂ ಕನಿಷ್ಠ 6 ತಿಂಗಳು, ಪದೇ ಪದೇ ಮರುಕಳಿಸಿದವರು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕಾಗಬಹುದು. ಮಾತ್ರೆಯೊಂದಿಗೆ ಆಪ್ತಸಮಾಲೋಚನೆಯೂ ಸೇರಿದರೆ ದೀರ್ಘಕಾಲದ ಖಿನ್ನತೆಗೆ ಫಲ ಹೆಚ್ಚು.

ಕಾಯಕ, ಪೂಜೆ ಮತ್ತು ಅಪರಾಧಭಾವ

ಲಿಂಗಾಯತ ಮನೆಗಳಲ್ಲಿ ಈ ರೋಗಕ್ಕೆ ಇನ್ನೊಂದು ಹೊರೆ ಕೂಡುತ್ತದೆ. ಕಾಯಕವನ್ನೇ ಬಾಳಿನ ತಿರುಳೆಂದು ನಂಬಿದವರು ಕೈಸೋತಾಗ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಇಷ್ಟಲಿಂಗಪೂಜೆಗೆ ಕುಳಿತರೂ ಮನಸ್ಸು ನಿಲ್ಲದಿದ್ದರೆ ತಮ್ಮ ಭಕ್ತಿಯೇ ಸುಳ್ಳೆಂದು ಕೊರಗುತ್ತಾರೆ. ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ: ಇದು ಭಕ್ತಿಯ ಕೊರತೆಯಲ್ಲ, ಸೋಮಾರಿತನವಲ್ಲ, ಕರ್ಮದ ಶಿಕ್ಷೆಯೂ ಅಲ್ಲ. ಮಧುಮೇಹದವರಿಗೆ ಪೂಜೆಯೂ ಬೇಕು, ಮಾತ್ರೆಯೂ ಬೇಕು, ಇಲ್ಲಿಯೂ ಹಾಗೆಯೇ. ಪೂಜೆ ನೆಮ್ಮದಿ ಕೊಡಬಹುದು, ಆದರೆ ಅದು ಚಿಕಿತ್ಸೆಯ ಬದಲಿಯಲ್ಲ.

ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯದೆ, ದಿನಕ್ಕೊಂದು ಸಣ್ಣ ಕೆಲಸವನ್ನು ಗೊತ್ತಾದ ಸಮಯಕ್ಕೆ ಮಾಡುವುದು ಖಿನ್ನತೆಯ ಚಿಕಿತ್ಸೆಯಲ್ಲಿ ಒಪ್ಪಿತವಾದ ಕ್ರಮ. ಹತ್ತು ನಿಮಿಷದ ನಡಿಗೆ, ಹಿತ್ತಲ ಗಿಡಕ್ಕೆ ನೀರು, ನೆರೆಯವರೊಡನೆ ಎರಡು ಮಾತು ಸಾಕು. ಮನೆಯವರು “ಧೈರ್ಯ ತಗೋ” ಎಂದು ಉಪದೇಶಿಸುವ ಬದಲು ಪಕ್ಕದಲ್ಲಿ ಕುಳಿತು ಕೇಳಲಿ. ಅದೂ ಒಂದು ದಾಸೋಹ.

ಎಲ್ಲಿಗೆ ಹೋಗಬೇಕು?

ತುಂಗಭದ್ರೆಯ ಕಾಲುವೆ ಹರಿಯುವ ಗಂಗಾವತಿಯ ಭತ್ತದ ಗದ್ದೆಗಳ ನಡುವೆಯೂ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಊರುಗಳಲ್ಲಿಯೂ ಈ ಕಾಯಿಲೆಯವರಿದ್ದಾರೆ. ನಿಮ್ಹಾನ್ಸ್ ಸಂಸ್ಥೆ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 20 ಜನ ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುತ್ತಾರೆ, ಖಿನ್ನತೆಯುಳ್ಳವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಚಿಕಿತ್ಸೆ ಹಳ್ಳಿಯವರಿಗೆ ಎಟುಕದ್ದೆಂದು ಭಾವಿಸಬೇಕಿಲ್ಲ. 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ ಮನೋರೋಗ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂದು ಕೊಪ್ಪಳದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ತಮ್ಮ ಆಸ್ಪತ್ರೆಯಲ್ಲಿ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಂಡು ಹೋಗಬೇಕು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನಮ್ಮ ಹಕ್ಕು.

ಸಾಯುವ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಮನಸ್ಸು ಹಗುರಾಗುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಕೂಡಲೇ ಬೇರೆಡೆಗೆ ಸಾಗಿಸಿ, ಬೀಗದಲ್ಲಿಡಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ನಿಮ್ಮ ಮನೆಯಲ್ಲಿ “ಸ್ವಭಾವನ ಹಂಗ” ಎಂದು ಬಿಟ್ಟ ಜೀವವೊಂದಿದ್ದರೆ ಈ ವಾರ ಅವರ ಪಕ್ಕದಲ್ಲಿ ಕುಳಿತು, ಎಷ್ಟು ವರ್ಷಗಳಿಂದ ಹೀಗಿದೆ ಎಂದು ಕೇಳಿರಿ. ಹೂಳೆತ್ತುವ ಕೆಲಸ ಒಂದು ದಿನದ್ದಲ್ಲ, ಒಬ್ಬರದೂ ಅಲ್ಲ. ಕೂಡಿ ಕೈಹಾಕಿದರೆ ಆಗುತ್ತದೆ.