ಮಜೆಂಗೋವಿನ ಸ್ತ್ರೀಯರು

ಗುಹ್ಯರೋಗಕ್ಕೆ ಪದೇಪದೇ ತುತ್ತಾಗುವವರನ್ನು ಕಂಡರೆ ಲೋಕವು ಅವರ ನಡತೆಯನ್ನಲ್ಲದೆ ಬೇರೇನನ್ನೂ ವಿಚಾರಿಸುವುದಿಲ್ಲ. ನಡತೆಯೊಂದೇ ಕಾರಣವಾಗಿದ್ದ ಪಕ್ಷದಲ್ಲಿ, ಕೀನ್ಯಾದ ರಾಜಧಾನಿ ನೈರೋಬಿಯ ಮಜೆಂಗೋ ಎಂಬ ಬಡಕೇರಿಯಲ್ಲಿ ಕಂಡುಬಂದ ಸಂಗತಿ ಅರ್ಥವಾಗುವಂತಿಲ್ಲ.

1980ರ ದಶಕದಲ್ಲಿ ಕೆನಡದ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಫ್ರಾಂಕ್ ಪ್ಲಮ್ಮರರೂ ಅವರ ನೈರೋಬಿಯ ಸಹೋದ್ಯೋಗಿಗಳೂ, ಅಲ್ಲಿ ಮೈಮಾರಿ ಜೀವಿಸುತ್ತಿದ್ದ ಸ್ತ್ರೀಯರನ್ನು ವರ್ಷಾನುವರ್ಷ ಪರೀಕ್ಷಿಸುತ್ತ ಬಂದಾಗ, ಬಹುಪಾಲು ಮಂದಿಯನ್ನು ಹಿಡಿದ ಎಚ್‌ಐವಿ ವೈರಾಣು ಕೆಲವರನ್ನು ಮಾತ್ರ, ಅದೇ ವೃತ್ತಿ, ಅದೇ ಕೇರಿ, ಅದೇ ಅಪಾಯಗಳ ನಡುವೆಯೂ, ಮುಟ್ಟದೆ ಉಳಿದಿತ್ತು.

ಇದು ವಂಶದಿಂದ ಬಂದ ರಕ್ಷಣೆಯೇ? ಅಂಥ ರಕ್ಷಣೆಗೆ ಪ್ರಸಿದ್ಧ ನಿದರ್ಶನವೊಂದು 1996ರಲ್ಲಿ ದೊರೆಯಿತು: ಸಿಸಿಆರ್5 ಎಂಬ ವಂಶವಾಹಿಯಲ್ಲಿ 32 ಅಕ್ಷರಗಳು ಲೋಪವಾಗಿ, ಆ ಲೋಪವು ತಾಯಿತಂದೆಗಳಿಬ್ಬರಿಂದಲೂ ಬಂದವರ ಜೀವಕೋಶದ ಬಾಗಿಲಲ್ಲಿ, ಸಾಮಾನ್ಯವಾಗಿ ಹರಡುವ ಬಗೆಯ ಎಚ್‌ಐವಿ ಕೈಯಿಡಬೇಕಾದ ಚಿಲಕವೇ ಇರುವುದಿಲ್ಲ. ಉತ್ತರ ಯೂರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು ಒಬ್ಬರು ಇಂಥವರು. ಆಫ್ರಿಕದಲ್ಲಿ ಇದು ಅತಿ ವಿರಳ. ಆದರೆ ಸೋಂಕು ತಗಲದೆ ಉಳಿದ ಮಜೆಂಗೋವಿನ ಸ್ತ್ರೀಯರಲ್ಲಿ ಚಿಲಕವೂ ಇತ್ತು, ಅವರ ರಕ್ತಕಣಗಳಿಗೆ ಪ್ರಯೋಗಶಾಲೆಯಲ್ಲಿ ವೈರಾಣು ಸೋಂಕೂ ತಗಲುತ್ತಿತ್ತು. ವ್ಯತ್ಯಾಸ ಕಂಡದ್ದು, ಸೋಂಕಿನ ಗುರುತನ್ನು ಕಾವಲುಕಣಗಳಿಗೆ ಎತ್ತಿ ತೋರಿಸುವ ಎಚ್‌ಎಲ್‌ಎ ಎಂಬ ವಂಶವಾಹಿಗಳ ಬಗೆಗಳಲ್ಲಿ.

ಆದರೆ ಒಂದು ರೋಗಕ್ಕೆ ಒದಗಿದ ಕವಚ ಮತ್ತೊಂದಕ್ಕೆ ಒದಗುವುದಿಲ್ಲ. ಅದೇ ಕೇರಿಯಲ್ಲಿ ಗೊನೋರಿಯ ಮತ್ತೆ ಮತ್ತೆ ಬರುತ್ತಿತ್ತು, ಏಕೆಂದರೆ ಅದರ ರೋಗಾಣು ತನ್ನ ಮೇಲ್ಮೈಯ ವೇಷವನ್ನು ಬದಲಿಸುತ್ತಲೇ ಇರುತ್ತದೆ. ರಕ್ತದಲ್ಲಿನ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಕಡೆಯ ಕೊಂಡಿಗಳು ಹುಟ್ಟಿನಿಂದಲೇ ಇಲ್ಲದ ಅಪರೂಪದ ಜನರಲ್ಲಂತೂ ಗೊನೋರಿಯದ ರೋಗಾಣುವಿನ ಕುಲಕ್ಕೆ ಸೇರಿದ ರೋಗಾಣುಗಳು ರಕ್ತಕ್ಕೇ ಇಳಿದು ಮರಳಿ ಮರಳಿ ಕಾಡಬಲ್ಲವು. ಕ್ಲಮೈಡಿಯ ತಗಲಿದ ನೈರೋಬಿಯ ಸ್ತ್ರೀಯರಲ್ಲಿ, ಎಚ್‌ಎಲ್‌ಎ-ಎ31 ಎಂಬ ಬಗೆಯನ್ನು ಪಡೆದವರಿಗೆ ಸೋಂಕು ಗರ್ಭಕೋಶದ ನಾಳಗಳಿಗೇರುವ ಸಂಭವ ಹೆಚ್ಚೆಂದು 1996ರ ಅಧ್ಯಯನವೊಂದು ತೋರಿಸಿತು. ಬಂಜೆತನಕ್ಕೆ ದಾರಿಯಾಗುವ ಉರಿಯೂತವಿದು.

ಇಷ್ಟನ್ನು ಕಂಡು ವಂಶವಾಹಿಯೇ ವಿಧಿಲಿಖಿತವೆಂದು ತಿಳಿಯುವ ಹೊತ್ತಿಗೆ, ಅದೇ ಮಜೆಂಗೋ ಇನ್ನೊಂದು ಸಂಗತಿಯನ್ನು ಮುಂದಿಟ್ಟಿತು: ವರ್ಷಗಟ್ಟಲೆ ವೈರಾಣುವನ್ನು ಎದುರಿಸಿ ನಿಂತಿದ್ದ ಸ್ತ್ರೀಯರಲ್ಲಿ ಕೆಲವರು ವೃತ್ತಿಯಿಂದ ಕೆಲಕಾಲ ಬಿಡುವು ಪಡೆದು ಮರಳಿದ ತರುವಾಯವೇ ಸೋಂಕಿತರಾದರು.